ಕೋವಿಡ್ ಬ್ಯಾಚ್‌ನ ಕಣ್ಣಿನ ಡಾಕ್ಟರು

ಇಂಟರ್‌ವ್ಯೂಗೆ ಹೋದ ಕಡೆಯೆಲ್ಲ ಮೊದಲ ಪ್ರಶ್ನೆ ಒಂದೇ: "ಕೋವಿಡ್ ಬ್ಯಾಚಾ?" ಹೌದು ಸ್ವಾಮಿ, 2019ರಲ್ಲಿ ಎಂ.ಎಸ್. ಆಫ್ತಾಲ್ಮಾಲಜಿಗೆ, ಅಂದರೆ ಕಣ್ಣಿನ ಪಿಜಿ ಕೋರ್ಸ್‌ಗೆ, ಸೇರಿದವರು ನಾವು. ಸರ್ಜರಿ ಕೈಗೆ ಕಮ್ಮಿ ಸಿಕ್ಕಿರಬೇಕು ಅನ್ನುವ ಅನುಮಾನ ಅವರಿಗೆ. ಏನೀಗ?

ಹೊರಗಿನವರಿಗೆ ಇದು ಗೊತ್ತಿರಲ್ಲ. ಮೂರು ವರ್ಷದ ಕೋರ್ಸ್‌ನಲ್ಲಿ ಮೊದಲ ವರ್ಷ ಓಪಿಡಿ, ಕೇಸ್ ಶೀಟ್, ಚಶ್ಮಾ ನಂಬರ್ ನೋಡುವುದರಲ್ಲೇ ಮುಗಿಯುತ್ತದೆ. ಕೈಗೆ ಪೊರೆ (ಕ್ಯಾಟರಾಕ್ಟ್) ಸರ್ಜರಿ ಸಿಗುವುದು ಆಮೇಲೆ. ಅದೂ ಇಡೀ ಕೇಸ್ ಅಲ್ಲ. ಒಬ್ಬರಿಗೆ ಟನಲ್ (ಕಣ್ಣಿನೊಳಗೆ ಹೋಗಲು ಮಾಡುವ ಸೀಳುದಾರಿ) ಮಾತ್ರ, ಇನ್ನೊಬ್ಬರಿಗೆ ಲೆನ್ಸ್ ಕೂರಿಸುವುದು ಮಾತ್ರ, ಹೀಗೆ ತುಂಡು ತುಂಡಾಗಿ. ಎಲ್ಲಕ್ಕಿಂತ ಕಾಡುವುದು ರೆಕ್ಸಿಸ್. ಲೆನ್ಸಿನ ಮುಂದಿನ ತೆಳು ಪದರವನ್ನು ಸೂಜಿ ತುದಿಯಿಂದ ದುಂಡಗೆ ಬಿಡಿಸಬೇಕು, ಎಳೆತ ಸ್ವಲ್ಪ ತಪ್ಪಿದರೂ ಸೀಳು ಅಂಚಿಗೆ ಓಡಿಬಿಡುತ್ತದೆ. ಓಡುವ ಮುಂಚೆಯೇ ಬೆರಳಿಗೆ ಗೊತ್ತಾಗಬೇಕು. ಯಾವ ವೆಬಿನಾರೂ ಅದನ್ನು ಕಲಿಸಲ್ಲ. (ವೆಬಿನಾರ್‌ಗಳಿಗೇನೂ ಬರ ಇರಲಿಲ್ಲ, ಸರ್ಟಿಫಿಕೇಟ್‌ಗಳು ಇನ್ನೂ ಮೇಲ್‌ನಲ್ಲಿ ಬಿದ್ದಿವೆ.)

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಪೊರೆ ಆಪರೇಷನ್ ತುರ್ತಲ್ಲ, ನಿಂತಿತು. ಅಜ್ಜ ಅಜ್ಜಿಯರನ್ನು ಬಸ್ಸಿನಲ್ಲಿ ಕರೆತರುತ್ತಿದ್ದ ಕ್ಯಾಂಪ್‌ಗಳೂ ನಿಂತವು. ನಿಲ್ಲಿಸಿದ್ದು ಸರಿಯೇ. ಕಣ್ಣು ಪರೀಕ್ಷಿಸುವ ಮೈಕ್ರೋಸ್ಕೋಪ್, ಸ್ಲಿಟ್ ಲ್ಯಾಂಪಿನಲ್ಲಿ ಕೂತರೆ ರೋಗಿಯ ಉಸಿರು ನೇರ ನಮ್ಮ ಮುಖಕ್ಕೆ. ವುಹಾನ್‌ನಲ್ಲಿ ಶುರುವಿನಲ್ಲೇ ಎಚ್ಚರಿಸಿ, ಆ ಫೆಬ್ರವರಿಯಲ್ಲಿ ಕೋವಿಡ್‌ಗೇ ಬಲಿಯಾದ ಲಿ ವೆನ್‌ಲಿಯಾಂಗ್ ಕೂಡ ಕಣ್ಣಿನ ಡಾಕ್ಟರೇ. ನಾವು ಹಳೆ ಎಕ್ಸ್‌ರೇ ಶೀಟ್ ಕತ್ತರಿಸಿ ಅಡ್ಡ ಕಟ್ಟಿಕೊಂಡೆವು. ಎನ್95 ಮೇಲಿಂದ ನುಸುಳಿದ ಉಸಿರಿಗೆ ಐಪೀಸ್ ಮಬ್ಬಾಗುತ್ತಿತ್ತು, ರೆಟಿನಾ ಹೇಗೆ ನೋಡೋದು ಹೇಳಿ.

ಆಮೇಲೆ ಕೋವಿಡ್ ವಾರ್ಡ್ ಡ್ಯೂಟಿ. ತಕರಾರಿಲ್ಲ, ಯಾರಾದರೂ ಮಾಡಲೇಬೇಕಿತ್ತು. 2021ರ ಮೇನಲ್ಲಿ ಬ್ಲ್ಯಾಕ್ ಫಂಗಸ್. ಅದರ ಔಷಧಿ ಆಂಫೊಟೆರಿಸಿನ್ ಸಿಗದೆ ಮನೆಯವರು ಚೀಟಿ ಹಿಡಿದು ಊರೆಲ್ಲ ಅಲೆಯುತ್ತಿದ್ದರು. ಪೊರೆ ತೆಗೆಯಲು ಕಲಿಯಬೇಕಾದವರು ಜೀವ ಉಳಿಸಲು ಕಣ್ಣನ್ನೇ ತೆಗೆಯುವ ಆಪರೇಷನ್‌ಗೆ ಅಸಿಸ್ಟ್ ಮಾಡುತ್ತಾ ನಿಂತೆವು. "ಇಂಥ ಅನುಭವ ಯಾರಿಗೆ ಸಿಗುತ್ತೆ" ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಇರಬಹುದು. ಆದರೆ ಕೆಲಸ ಕೊಡುವವರು ಕೇಳುವುದು ಫೇಕೋ (ಮೆಷಿನ್‌ನಲ್ಲಿ ಮಾಡುವ ಪೊರೆ ಆಪರೇಷನ್) ಎಷ್ಟು ಮಾಡಿದ್ದೀರಿ ಅಂತ, ಅಲ್ವಾ?

ನನಗೆ ಸಿಟ್ಟಿರುವುದು ಇಲ್ಲೇ. ಪಿಜಿ ಸೀಟಿನ ಪ್ರವೇಶ ಪರೀಕ್ಷೆ, 2021ರ ನೀಟ್ ಪಿಜಿ, ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ ಹೋಯಿತು, ಸೀಟು ಹಂಚುವ ಕೌನ್ಸೆಲಿಂಗ್ 2022ರ ಜನವರಿಗೆ. ಹೊಸ ಜೂನಿಯರ್‌ಗಳು ಬಾರದೆ ಕೊನೆ ವರ್ಷದಲ್ಲೂ ಕೇಸ್ ಶೀಟ್ ಬರೆದವರು ನಾವೇ. ಹೊಸ ಬ್ಯಾಚ್ ಬರುವ ತನಕ ಫೈನಲ್ ಇಯರ್‌ನವರನ್ನು ಮುಂದುವರಿಸಬಹುದು ಅಂತ ಸರ್ಕಾರ ಹೇಳಿದಾಗ ನಮ್ಮ ಸೀನಿಯರ್‌ಗಳಿಗೂ ಜಾಸ್ತಿ ಸಿಕ್ಕಿದ್ದು ಡ್ಯೂಟಿ ಮಾತ್ರ. ಮೂರು ವರ್ಷ ತುಂಬಿತೋ ಇಲ್ಲವೋ ನೋಡಿದರು, ಕೈಯಲ್ಲಿ ಎಷ್ಟು ಕೇಸ್ ಆಯಿತು ಅಂತ ಯಾರೂ ಕೇಳಲಿಲ್ಲ.

ಬಾಕಿ ಬಿದ್ದಿದ್ದ ಪೊರೆ ರೋಗಿಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ಇದ್ದೇ ಇದ್ದರು. ಸರಿಯಾದ ಸಂಬಳ ಕೊಟ್ಟು, ಪಕ್ಕದಲ್ಲಿ ಒಬ್ಬ ಅನುಭವಿ ಸರ್ಜನ್ ಕೂರಿಸಿ, ಆರು ತಿಂಗಳು ಅಲ್ಲಿಗೆ ಹಾಕಿದ್ದರೆ ನಾವು ಬೇಡ ಅನ್ನುತ್ತಿದ್ದೆವಾ? ಅದು ಬಿಟ್ಟು, ಕೋರ್ಸ್‌ನಲ್ಲೇ ಸಿಗಬೇಕಿದ್ದ ಕೇಸ್‌ಗಳಿಗಾಗಿ ಚಿಲ್ಲರೆ ಸ್ಟೈಪೆಂಡ್‌ನ ಫೆಲೋಶಿಪ್ (ಕೋರ್ಸ್ ನಂತರದ ತರಬೇತಿ) ಹುಡುಕಿಕೊಂಡು ಹೋದೆವು. ಈಗ ಅದನ್ನೇ ತೋರಿಸಿ "ಗ್ಯಾಪ್ ಯಾಕೆ" ಅಂತ ಕೇಳುತ್ತಾರೆ.