ಅರ್ಜಿ ಊರಲ್ಲಿ, ಓಟಿಪಿ ಬೆಂಗಳೂರಲ್ಲಿ

ಸರ್ಕಾರ ಈಗ ಅಂಗೈಯಲ್ಲೇ ಇದೆ ಅನ್ನುತ್ತಾರೆ. ಯಾರ ಅಂಗೈ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನಮ್ಮ ಕಡೆ ಎಷ್ಟೋ ತಾಯಂದಿರ ಆಧಾರ್‌ಗೆ ಸೇರಿಸಿರುವುದು ಬೆಂಗಳೂರಿನಲ್ಲಿರುವ ಮಗನ ನಂಬರು.

ಸರ್ಕಾರಿ ಸೇವೆಗಳಿಗೆ ಅರ್ಜಿ ಹಾಕುವ ಗ್ರಾಮ ಒನ್ ಕೇಂದ್ರದ ಮುಂದೆ ಸುಮ್ನೆ ಸ್ವಲ್ಪ ಹೊತ್ತು ನಿಂತು ನೋಡಿ. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನೊಳಗೆ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು. ಲ್ಯಾಮಿನೇಷನ್ ಮಾಡಿಸಬಹುದಾದದ್ದಕ್ಕೆಲ್ಲ ಲ್ಯಾಮಿನೇಷನ್ ಆಗಿದೆ. "ಓಟಿಪಿ ಹೋಗೈತೆ, ಬೇಗ ಕೇಳಮ್ಮ" ಎನ್ನುತ್ತಾನೆ ಆಪರೇಟರ್ ಹುಡುಗ. ಆಯಮ್ಮ ಫೋನ್ ಮಾಡುತ್ತಾರೆ. ಮಗ ಮೀಟಿಂಗಲ್ಲಿ. ಮತ್ತೆ ಮಾಡುತ್ತಾರೆ. ಎತ್ತಿದ. ಅವನು ಪಿಸುಗುಟ್ಟಿದ ಒಂದೊಂದು ಅಂಕಿಯನ್ನೂ ಆಯಮ್ಮ ಇಡೀ ಬೀದಿಗೆ ಕೇಳುವ ಹಾಗೆ ಕೂಗಿ ಹೇಳುತ್ತಾರೆ. ಓಟಿಪಿಯನ್ನು ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು ಬಡಕೊಳ್ಳುತ್ತಲೇ ಇದ್ದಾರೆ. ಇಲ್ಲಿ ಪಕ್ಕದ ಮನೆ ಗೌರಮ್ಮ "ನಾಲ್ಕಲ್ಲ ಕಣಕ್ಕ, ಏಳು ಅಂದ" ಅಂತ ತಿದ್ದುತ್ತಾರೆ!

2023ರಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಇದು ಊರೂರಿನ ಕಥೆ. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ, ಆದರೆ ಓಟಿಪಿ ಮಗನಿಗೆ. ಹಬ್ಬಕ್ಕೂ ಫೋನ್ ಎತ್ತದವರು ಆಗ ಎತ್ತಿದರು ಅನ್ನುವುದು ನನ್ನ ಗುಮಾನಿ. ಯೋಜನೆಯ ಲೆಕ್ಕದಲ್ಲಿ ಈ ಲಾಭವನ್ನು ಯಾರೂ ಸೇರಿಸಿಲ್ಲ.

ಹಾಗಂತ ಹಳೇ ಕಾಲವೇ ಚೆನ್ನಾಗಿತ್ತು ಅನ್ನುವವನು ನಾನಲ್ಲ. ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ಅವರು ಸಿಕ್ಕರೂ ಪುಸ್ತಕ ಸಿಗಬೇಕು, ಪುಸ್ತಕ ಸಿಕ್ಕರೂ ಅವರ ಮನಸ್ಸು ಬರಬೇಕು. 2000ದ ಸುಮಾರಿಗೆ ಭೂಮಿ ಯೋಜನೆ ಬಂದು, ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟು ಕೈಗೆ ಬರುತ್ತಿತ್ತು. ಯಾರಿಗೂ ಕೈಮುಗಿಯಬೇಕಿರಲಿಲ್ಲ. ಅದು ಸಣ್ಣ ಮಾತಲ್ಲ. ಈಗಂತೂ ದಿಶಾಂಕ್ ಆ್ಯಪ್ ಹಿಡಿದು ಹೊಲದಲ್ಲಿ ನಿಂತರೆ, ನಿಂತ ಜಾಗದ ಸರ್ವೆ ನಂಬರನ್ನೇ ಹೇಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ಆ ಹಳೇ ಲೆಕ್ಕಿಗರೇ ಜಾಣರು. ಪಹಣಿಯ ಶಿವಣ್ಣನೂ ರೇಷನ್ ಕಾರ್ಡಿನ ಶಿವಪ್ಪನೂ ಒಬ್ಬನೇ ಅಂತ ಅವರಿಗೆ ಗೊತ್ತಿತ್ತು. ಅವನ ಅಪ್ಪ ಯಾರು, ಬಾವಿ ಎಲ್ಲಿದೆ, ತಮ್ಮನ ಜೊತೆ ಮಾತು ಬಿಟ್ಟದ್ದು ಯಾಕೆ, ಎಲ್ಲವೂ ಗೊತ್ತಿತ್ತು. ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಇಬ್ಬರೂ ಒಬ್ಬನೇ ಅಂತ ಸಾಬೀತು ಮಾಡಲು ಆ ಒಬ್ಬನೇ ಅಫಿಡವಿಟ್ ಹಿಡಿದು ಅಲೆಯಬೇಕು.

ಬೆರಳಿನ ಗೋಳು ಇನ್ನೊಂದು. ವರ್ಷಗಟ್ಟಲೆ ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಹೆಬ್ಬೆಟ್ಟನ್ನು ಮೆಷಿನ್ನು ಒಪ್ಪುವುದಿಲ್ಲ. ಸೆರಗಿಗೆ ಒರೆಸಿ ಒತ್ತಿ, ನೀರು ಸವರಿ ಒತ್ತಿ, ಊಹುಂ. ಅದಕ್ಕೇ ಈಗ ಮುಖ ತೋರಿಸಿದರೂ ಸಾಕು ಅಂತ ಮಾಡಿದ್ದಾರೆ. ಕೇಂದ್ರ ಸರ್ಕಾರದ ಪಿಂಚಣಿದಾರರ ಜೀವನ್ ಪ್ರಮಾಣಕ್ಕೆ, ಅಂದರೆ ಬದುಕಿದ್ದೇವೆ ಅನ್ನುವ ಡಿಜಿಟಲ್ ಪ್ರಮಾಣಪತ್ರಕ್ಕೆ, 2021ರಿಂದಲೇ ಈ ಸೌಲಭ್ಯ ಇದೆ. ಫೋನನ್ನು ಮುಖದ ಮುಂದೆ ಹಿಡಿಯಬೇಕು, ಬದುಕಿದ್ದೇವೆ ಅಂತ ಅದಕ್ಕೆ ಗೊತ್ತಾಗಲು ಕಣ್ಣು ಮಿಟುಕಿಸಬೇಕು. ಫೋಟೋ ಅಂದರೆ ಉಸಿರು ಬಿಗಿ ಹಿಡಿದು ನಿಲ್ಲುವ ತಲೆಮಾರು ಅದು. ನಮ್ಮ ಬೀದಿಯ ಪಿಂಚಣಿ ಅಜ್ಜಿ ರೆಪ್ಪೆ ಅಲ್ಲಾಡಿಸದೆ ಕೂತಿದ್ದರು.

"ಅಜ್ಜಿ, ಒಂದ್ಸಲ ಕಣ್ಣು ಮಿಟುಕ್ಸಿ."

"ಥೂ, ಮೊಮ್ಮಗನ ವಯಸ್ಸಿನೋನು ನೀನು. ಎದುರಿಗೆ ಕೂತ್ಕೊಂಡು ಕಣ್ಣು ಹೊಡಿ ಅಂತೀಯಲ್ಲೋ!"

ಅಜ್ಜಿ ನಗುವಾಗ ಕಣ್ಣು ಮುಚ್ಚಿತು. ಸರ್ಕಾರಕ್ಕೆ ಅಷ್ಟೇ ಸಾಕಾಯಿತು.