ಮೇಜು ಕೊಟ್ಟರೆ ಮಾರ್ಕ್ಸ್ ಗ್ಯಾರಂಟಿ!

ಚಿಕ್ಕಮಗಳೂರಿನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ಪೋಷಕರಿಗೊಂದು ಕಾರ್ಯಾಗಾರ. ಕೋಟು ಹಾಕಿಕೊಂಡು ಬಂದ ತಜ್ಞರು ಗ್ರಾಫ್ ತೋರಿಸಿದರು. ಓದುವ ಮೇಜು ಇರುವ ಮನೆಯ ಮಕ್ಕಳಿಗೆ ಮಾರ್ಕ್ಸ್ ಜಾಸ್ತಿ. ಚುಕ್ಕಿಗಳೆಲ್ಲ ಭಾನುವಾರದ ಮುಳ್ಳಯ್ಯನಗಿರಿ ಜೀಪುಗಳ ಹಾಗೆ ಸಾಲಾಗಿ ಮೇಲಕ್ಕೆ ಹೊರಟಿದ್ದವು. ‘ನೋಡಿ, ಸಹಸಂಬಂಧ!’ ಅಂದರು. ದಾನಿಗಳು ಕೂತಲ್ಲೇ ಮೇಜು ಘೋಷಿಸಿದರು.

1888ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಈ ಸಹಸಂಬಂಧದ ಮಾತು ಎತ್ತಿದ. ಅದಕ್ಕೆ ಈಗಿನ ಲೆಕ್ಕ ಕೂಡಿಸಿದವನು ಗಣಿತಜ್ಞ ಕಾರ್ಲ್ ಪಿಯರ್ಸನ್. ಎರಡು ಸಂಗತಿ ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಅನ್ನೋದಷ್ಟೇ ಅದರಲ್ಲಿ ಸಿಗುವುದು. ಯಾವುದರಿಂದ ಯಾವುದು ಅಂತ ಅದನ್ನು ಕೇಳಬಾರದು. ಹಾಗಂತ ವಿಧಾನ ದಂಡ ಅಲ್ಲ. ಮಕ್ಕಳಿಗೆ ಏನಾಗುತ್ತೆ ನೋಡೋಣ ಅಂತ ಅರ್ಧ ಊರಿನ ಅಪ್ಪ-ಅಮ್ಮಂದಿರಿಗೆ ಡೈವೋರ್ಸ್ ಕೊಡಿಸೋಕಾಗುತ್ತಾ? ಪ್ರಯೋಗ ಮಾಡಲಾಗದ ಕಡೆ ಮನಶ್ಶಾಸ್ತ್ರದವರಿಗೆ ಇದೇ ಆಸರೆ.

2012ರಲ್ಲಿ ಒಬ್ಬ ವೈದ್ಯರು 23 ದೇಶಗಳ ಲೆಕ್ಕ ಹಾಕಿದ್ದರು. ಚಾಕೊಲೇಟ್ ಜಾಸ್ತಿ ತಿನ್ನುವ ದೇಶಕ್ಕೆ ನೊಬೆಲ್ ಜಾಸ್ತಿ. ಸಹಸಂಬಂಧ 0.79! (ನಂಟೇ ಇಲ್ಲದಿದ್ದರೆ 0, ಪೂರ್ತಿ ಜೊತೆಯಾಗಿ ಏರಿಳಿದರೆ 1.) ದುಡ್ಡಿರುವ ದೇಶ ಚಾಕೊಲೇಟನ್ನೂ ಕೊಳ್ಳುತ್ತೆ, ಲ್ಯಾಬನ್ನೂ ಕಟ್ಟುತ್ತೆ, ಅಲ್ವಾ? ನಮ್ಮ ಮೇಜಿನ ಹಿಂದೆಯೂ ಅದೇ ದುಡ್ಡು ನಿಂತಿತ್ತು. ಜೊತೆಗೆ ಟ್ಯೂಷನ್, ಕರೆಂಟ್ ಹೋದರೆ ಯುಪಿಎಸ್. ಗ್ರಾಫಿನಲ್ಲಿ ಅವು ಯಾವುವೂ ಇರಲಿಲ್ಲ.

ಇನ್ನೊಂದು ಗ್ರಾಫ್ ಬಂತು. ಮೊಬೈಲ್ ನೋಡುವ ಹೊತ್ತು ಹೆಚ್ಚಿದಷ್ಟೂ ಮಾರ್ಕ್ಸ್ ಕಡಿಮೆ, ಮೈನಸ್ 0.6. ‘ಇದು ನೆಗೆಟಿವ್, ಬಿಡಿ. ನಾವು ಪಾಸಿಟಿವ್ ಆಗಿರೋಣ’ ಅಂದು ತಜ್ಞರು ಮುಂದೆ ಹೋದರು. ಮೈನಸ್ ಅಂದರೆ ಒಂದು ಏರಿದರೆ ಇನ್ನೊಂದು ಇಳಿಯುತ್ತೆ ಅಂತ ಅಷ್ಟೇ. ಮೈನಸ್ 0.6ರ ನಂಟು ಪ್ಲಸ್ 0.3ರದ್ದಕ್ಕಿಂತ ಗಟ್ಟಿ. ಪಾಪ, ಕೆಟ್ಟ ಶಕುನ ಅಂದುಕೊಂಡರೋ ಏನೋ.

ಮೇಜುಗಳು ಬಂದವು. ಕಾಫಿ ತೋಟದ ಲೈನ್ ಮನೆಯೊಂದರ ಬಾಗಿಲಲ್ಲಿ ಒಂದು ಮೇಜು ಅಡ್ಡಡ್ಡ ಸಿಕ್ಕಿಹಾಕಿಕೊಂಡಿತು. ಕಾಲು ಬಿಚ್ಚಿ ಒಳಗೆ ತಂದರೆ ಮಲಗೋಕೆ ಜಾಗ ಇಲ್ಲ. ಈಗ ಅದು ಜಗುಲಿಯಲ್ಲಿದೆ, ಮೇಲೆ ಮೆಣಸು ಒಣಗುತ್ತಿದೆ. ಹುಡುಗಿ ಒಳಗೆ ನೆಲದ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದಾಳೆ.

ಮೇಜು ಹಂಚುವ ಸಮಾರಂಭದಲ್ಲಿ ಅವಳ ಅಮ್ಮ ಎದ್ದು ನಿಂತು ಕೇಳಿದ್ದರು: ‘ಸಾರ್, ಮೇಜಿರೋರ ಮನೇಲಿ ಫ್ರಿಡ್ಜೂ ಇರುತ್ತಲ್ಲ, ಅದು ಯಾವಾಗ ಕೊಡ್ತೀರಾ?’

ತಜ್ಞರು ನಗಲಿಲ್ಲ. ಡೈರಿ ತೆಗೆದು ಬರೆದುಕೊಂಡರು.