ಸಾಕ್ಸ್ ಒಣಗಿಸುವ ಸರ್ವರ್

ನಮ್ಮ ಮಡಿಕೇರಿ ಕಡೆ ಮಳೆಗಾಲದಲ್ಲಿ ಮನೆಯೊಳಗೆ ಬೆಚ್ಚಗಿರುವ ಜಾಗ ಒಂದೇ, ಅಡುಗೆಮನೆಯ ಒಲೆ. ಹೋದ ಜೂನ್‌ನಿಂದ ಇನ್ನೊಂದು ಸೇರಿತು: ನನ್ನ ಹಳೇ ಕಂಪ್ಯೂಟರಿನ ಹಿಂಭಾಗ.

ಅಟ್ಟದಲ್ಲಿ ಬೂಷ್ಟು ಹಿಡಿದು ಕೂತಿದ್ದ ಡೆಸ್ಕ್‌ಟಾಪನ್ನು ಇಳಿಸಿ, ಜೆಲ್ಲಿಫಿನ್ ಅನ್ನುವ ಸಾಫ್ಟ್‌ವೇರ್ ಹಾಕಿ, ಮೀಡಿಯಾ ಸರ್ವರ್ ಮಾಡಿದ್ದೆ. ಮದುವೆ ವಿಡಿಯೊ, ಫೋಟೊ, ಹಾಡು ಎಲ್ಲ ಒಂದೇ ಕಡೆ. ಟಿವಿಯಲ್ಲೂ ನೋಡಬಹುದು, ಮೊಬೈಲಲ್ಲೂ ನೋಡಬಹುದು. ಗಾಳಿಮಳೆಗೆ ಇಂಟರ್‌ನೆಟ್ ಹೋದರೂ ಮನೆಯ ವೈಫೈ ಸಾಕು. ಸಾಫ್ಟ್‌ವೇರ್ ಪುಕ್ಕಟೆ, ಕಂಪ್ಯೂಟರ್ ಹೇಗೂ ಇತ್ತು. ಖರ್ಚು ಸೊನ್ನೆ ಅಂತ ಬೀಗಿದೆ.

ಮೂರನೇ ದಿನ ನೋಡಿದರೆ, ಅದರ ಫ್ಯಾನಿನ ಎದುರು ಅಪ್ಪನ ಸಾಕ್ಸ್ ನೇತಾಡುತ್ತಿತ್ತು. ವಾರ ಕಳೆಯುವುದರೊಳಗೆ ಹಪ್ಪಳದ ತಟ್ಟೆ ಬಂತು. ಬೆಕ್ಕು ಮೇಲೆ ಮಲಗಿತು.

"ಇಷ್ಟು ವರ್ಷ ಇದನ್ನು ಯಾಕೆ ಅಟ್ಟದಲ್ಲಿ ಇಟ್ಟಿದ್ದೆ ಮಾರಾಯ?" ಅಂದರು ಅಮ್ಮ. ನನ್ನ ಕಂಪ್ಯೂಟರ್ ವಿದ್ಯೆಗೆ ಮನೆಯಲ್ಲಿ ಸಿಕ್ಕಿದ ಮೊದಲ ಹೊಗಳಿಕೆ ಅದು.

ಆಮೇಲೆ ಬಿಲ್ಲು ಬಂತು. ನಾವು ತಿಂಗಳಿಗೆ ಸುಮಾರು 150 ಯೂನಿಟ್ ಉರಿಸುವವರು. ಗೃಹಜ್ಯೋತಿ ಬಂದ ಮೇಲೆ ಬಿಲ್ಲು ಸೊನ್ನೆ. ಈ ಸಲ 207! 200 ದಾಟಿದರೆ ಪೂರ್ತಿ ದುಡ್ಡು ಕಟ್ಟಬೇಕು. ಅಪ್ಪ ಮೊದಲು ಫ್ರಿಜ್ಜನ್ನು ಬೈದರು, ಆಮೇಲೆ ಗೀಸರನ್ನು. ನಾನು ಸುಮ್ನೆ ಒಳಗೆ ಹೋಗಿ ಲೆಕ್ಕ ಹಾಕಿದೆ. 80 ವ್ಯಾಟ್, ದಿನಕ್ಕೆ 24 ಗಂಟೆ, ಅಂದರೆ 1.92 ಯೂನಿಟ್. ತಿಂಗಳಿಗೆ 57 ದಾಟುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೂ ಅದು ಬೆಕ್ಕಿಗೆ ಹಾಸಿಗೆ ಬಿಸಿ ಮಾಡಿಕೊಂಡು ಕೂತಿತ್ತು, ಅಷ್ಟೆ.

ಸರಿ, ಕರೆಂಟ್ ಕಮ್ಮಿ ತಿನ್ನುವುದು ಬೇಕು. ಗೆಳೆಯನೊಬ್ಬ ತನ್ನ ಹಳೇ ರಾಸ್‌ಬೆರಿ ಪೈ 4 ಕೊಟ್ಟ. ಅಂಗೈಯಷ್ಟಗಲದ ಪುಟ್ಟ ಕಂಪ್ಯೂಟರ್. 5 ವ್ಯಾಟ್ ಅಂದುಕೊಂಡರೂ ತಿಂಗಳಿಗೆ 3.6 ಯೂನಿಟ್. ಡ್ರಾಯರಿನಲ್ಲಿದ್ದ ಮೊಬೈಲ್ ಚಾರ್ಜರ್ ಚುಚ್ಚಿದೆ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂತು. ನಮ್ಮೂರಲ್ಲಿ ಮಿಂಚು ಕಂಡರೆ ಪ್ಲಗ್ ಕೀಳುವುದು ಹುಟ್ಟುಗುಣ. ಕಿತ್ತೆ. ಆಮೇಲೆ ಗೊತ್ತಾಯ್ತು, ಪಾಪ ಅದು "ನಂಗೆ ಕರೆಂಟ್ ಸಾಲಲ್ಲ" ಅಂತಿತ್ತು. 5 ವೋಲ್ಟ್ 3 ಆ್ಯಂಪ್ ಅಡಾಪ್ಟರ್ ತಂದೆ. ಬುದ್ಧಿ ಬಂತಾ? ಇಲ್ಲ. ಎರಡು ಹಾರ್ಡ್‌ಡಿಸ್ಕ್ ಸಿಕ್ಕಿಸಿದೆ. ಪೈಯ ನಾಲ್ಕೂ ಯುಎಸ್‌ಬಿ ಪೋರ್ಟಿಗೆ ಸೇರಿ ಸಿಗುವುದೇ 1.2 ಆ್ಯಂಪ್. ಎರಡನೇ ಡಿಸ್ಕ್ ತಿರುಗಲಾರದೆ ಟಿಕ್ ಟಿಕ್ ಅಂತಿತ್ತು.

"ಹಲ್ಲಿ ನುಡೀತು," ಅಂದರು ಅಮ್ಮ ನೆಲ ಕುಟ್ಟುತ್ತಾ. "ನೀನು ಹೇಳಿದ್ದು ಸತ್ಯ ಆಗ್ತದೆ."

ನಾನು ಹೇಳಿದ್ದು "ಇನ್ನು ತೊಂದರೆ ಇಲ್ಲ" ಅಂತ.

ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ 18ನೇ ದಿನ. ಮದ್ದುಸೊಪ್ಪಿನ ಪಾಯಸಕ್ಕೆ ನೆಂಟರು ಬಂದಿದ್ದರು. ತಂಗಿ ಮದುವೆಯ 4ಕೆ ವಿಡಿಯೊ ಹಾಕಿದೆ. ಅದು ಎಚ್‌ಇವಿಸಿ ಅನ್ನುವ ವಿಡಿಯೊ ಮಾದರಿಯಲ್ಲಿತ್ತು, ನಮ್ಮ ಹಳೇ ಟಿವಿಗೆ ಆ ಭಾಷೆ ಬರುವುದಿಲ್ಲ. ಆಗ ಸರ್ವರ್ ಕೂತಲ್ಲೇ ಅದನ್ನು ಟಿವಿಗೆ ತಿಳಿಯುವ ಹಾಗೆ ಬದಲಾಯಿಸಿ ಕೊಡಬೇಕು. ಪೈಗೆ ಅದು ಆಗುವ ಮಾತಲ್ಲ. ವಿಡಿಯೊದಲ್ಲಿ ಚಿಕ್ಕಪ್ಪ ಕಡಂಬುಟ್ಟು, ಅಂದರೆ ಅಕ್ಕಿ ಉಂಡೆ, ಬಾಯಿಗಿಡುವ ಹೊತ್ತಿಗೆ ಚಿತ್ರ ನಿಂತಿತು. ತೆರೆದ ಬಾಯಿ ತೆರೆದೇ ಇದೆ. ಚಿಕ್ಕಪ್ಪ ಎದುರಿಗೇ ಕೂತಿದ್ದರು.

"ಒಂದು ಕಡಂಬುಟ್ಟು ತಿನ್ನಲಿಕ್ಕೆ ಇಷ್ಟು ಹೊತ್ತಾ?" ಅಂದರು ಚಿಕ್ಕಮ್ಮ.

ಕೊನೆಗೆ ಇಂಟೆಲ್ ಎನ್100 ಚಿಪ್ ಇರುವ ಮಿನಿ ಪಿಸಿ ಕೊಂಡೆ. ಟಿಫಿನ್ ಡಬ್ಬಿಯಷ್ಟಿದೆ. ವಿಡಿಯೊ ಬದಲಾಯಿಸುವ ಕೆಲಸಕ್ಕೆ ಚಿಪ್ಪಿನೊಳಗೇ ಬೇರೆ ಏರ್ಪಾಡು ಇದೆ. ಸುಮ್ನಿದ್ದಾಗ ಅಳೆದರೆ 8 ವ್ಯಾಟ್. ಲೈನಿನ ಮೇಲೆ ಮರ ಬಿದ್ದು ಇಡೀ ದಿನ ಕರೆಂಟ್ ಹೋದರೂ ಇನ್‌ವರ್ಟರ್ ಗೊಣಗುವುದಿಲ್ಲ. ಮೊದಲೇ ಇದನ್ನೇ ತರಬಹುದಿತ್ತು ಅಲ್ವಾ? ಆದರೆ ಪುಕ್ಕಟೆ ಅನ್ನುವ ಮಾತಿಗೆ ಮರುಳಾಗದವನು ನಾನಲ್ಲ.

ಚಿಕ್ಕಪ್ಪ ಕಡಂಬುಟ್ಟು ನುಂಗಿದರು. ಬಿಲ್ಲು ಸೊನ್ನೆಗೆ ಬಂತು. ಅಮ್ಮ ಮಾತ್ರ ಒದ್ದೆ ಸಾಕ್ಸ್ ಹಿಡಿದುಕೊಂಡು ಹೊಸ ಡಬ್ಬಿಯ ನಾಲ್ಕೂ ಬದಿಗೆ ಅಂಗೈ ಇಟ್ಟು ನೋಡಿದರು.

"ಇದು ಬಿಸಿಯೇ ಆಗುದಿಲ್ಲ. ಕೆಟ್ಟದ್ದು ಕೊಟ್ಟಿದ್ದಾರೆ, ವಾಪಸ್ ಮಾಡು."

ಹಳೇ ಡೆಸ್ಕ್‌ಟಾಪ್ ಈಗ ಒಲೆಯ ಪಕ್ಕದಲ್ಲಿದೆ. ಹಾರ್ಡ್‌ಡಿಸ್ಕ್ ಇಲ್ಲ, ಪರದೆಯೂ ಇಲ್ಲ. ಬೆಳಗ್ಗೆ ಒಂದು ಗಂಟೆ ಆನ್ ಆಗುತ್ತದೆ. ತಿಂಗಳಿಗೆ 2.4 ಯೂನಿಟ್ ಅಂತ ಅಪ್ಪನಿಗೆ ಬರೆದು ಕೊಟ್ಟಿದ್ದೇನೆ. ಬೆಕ್ಕಿಗೆ ಟೈಮ್ ಗೊತ್ತಾಗಿದೆ.